ತಲೆ ಎಣಿಸಲು ಹೊರಟ ಮೇಷ್ಟ್ರು

ಮೇಷ್ಟ್ರ ಕೈಗೆ ಸೀಮೆಸುಣ್ಣಕ್ಕಿಂತ ಸರಕಾರದ ಪಟ್ಟಿಗಳೇ ಹೆಚ್ಚು ಬರುತ್ತವೆ. ಹಾಗಾಗಿ ಇಂಥ ಫಜೀತಿಗಳು ನನಗೆ ಆಗುತ್ತಲೇ ಇರುತ್ತವೆ. ಈ ಸಲ ಜನಗಣತಿ. ನನ್ನ ಪಾಲಿಗೆ ಬಂದದ್ದು ದಿವಾ, ಡೊಂಬಿವಲಿ ನಡುವಿನ ಒಂದು ತುಂಡು. ನಮ್ಮ ಠಾಣೆ ಜಿಲ್ಲೆಯಲ್ಲಿ ಲೋಕಲ್ ರೈಲು ಒಂದು ಸ್ಟೇಷನ್ ದಾಟುವಷ್ಟರಲ್ಲಿ ಮಹಾನಗರಪಾಲಿಕೆಯೇ ಬದಲಾಗುತ್ತದೆ. ಶನಿವಾರದೊಳಗೆ ಲೆಕ್ಕ ತಾಳೆಯಾಗದಿದ್ದರೆ ಇಡೀ ತುಂಡನ್ನು ಮತ್ತೆ ಸುತ್ತಿಸುತ್ತೇನೆ ಎಂದು ಸೂಪರ್‌ವೈಸರ್ ಹೇಳಿದ್ದರು. ನನ್ನ ಮಂಡಿ ಆಗಲೇ ರಾಜೀನಾಮೆ ಬರೆದಿತ್ತು.

ಎರಡು ಬಾಗಿಲ ಮನೆ

ಉಡುಪಿ ಕಡೆಯ ಹೋಟೆಲಿನವರೊಬ್ಬರು ಅಕ್ಕಪಕ್ಕದ ಎರಡು ಫ್ಲಾಟ್ ಕೊಂಡು ನಡುಗೋಡೆ ಒಡೆಸಿದ್ದರು. ನಕ್ಷೆಯ ಗಡಿಗೆರೆ ಸರಿಯಾಗಿ ಆ ಗೋಡೆ ಇದ್ದಲ್ಲೇ ಹಾಯ್ದಿತ್ತು. ಅಡುಗೆಮನೆ ಒಂದು ಪಾಲಿಕೆಗೆ, ಮಲಗುವ ಕೋಣೆ ಇನ್ನೊಂದಕ್ಕೆ. ಮುಖ್ಯ ಬಾಗಿಲು ಎಲ್ಲಿದೆಯೋ ಅಲ್ಲಿಗೆ ಬರೆಯಿರಿ ಎಂದು ತರಬೇತಿಯಲ್ಲಿ ಹೇಳಿದ್ದರು. ಇಲ್ಲಿ ಬಾಗಿಲೇ ಎರಡು. ಯಜಮಾನರು ತಮ್ಮ ಹೆಸರಿನ ಫಲಕವಿದ್ದ ಬಾಗಿಲು ತೋರಿಸಿದರು. ಹೆಂಡತಿ ಒಪ್ಪಲಿಲ್ಲ. ಹಾಲು, ತರಕಾರಿ, ಗ್ಯಾಸು ಬರುವುದು ಅಡುಗೆಮನೆಯ ಬಾಗಿಲಿಗೆ, ಸಂಸಾರ ನಡೆಯುವುದೂ ಅಲ್ಲಿಂದಲೇ ಎಂದರು. ಹಾಗಾದರೆ ನಾನು ಎಲ್ಲಿಯವನು ಎಂದು ಯಜಮಾನರು ಕೇಳಿದರು.

"ಇವರನ್ನು ಆಚೆ ಕಡೆಯ ಪೇಯಿಂಗ್ ಗೆಸ್ಟ್ ಅಂತ ಬರ್ಕೊಳ್ಳಿ ಮಾರಾಯ್ರೆ," ಎಂದರು ಆಕೆ.

ಜಗಳದ ಭಾಷೆ

ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಮಾತೃಭಾಷೆಯ ಕಾಲಂ ಸಿಕ್ಕಿಹಾಕಿಕೊಂಡಿತು. ಅಜ್ಜಿ ತುಳು ಎಂದರು. ಮಗ ಕನ್ನಡ ಎಂದ. ಕನ್ನಡ ಸಂಘದ ಕಾರ್ಯದರ್ಶಿ, ಬೇರೆ ಹೇಳುವ ಹಾಗಿಲ್ಲ. ಯಾವುದಾದರೂ ಬರೆದುಕೊಳ್ಳಿ ಎಂದು ಮೊಮ್ಮಗಳು ಮರಾಠಿಯಲ್ಲಿ ಹೇಳಿದಳು. ತಾಯಿಯ ಭಾಷೆ ಬಿಟ್ಟು ಮಾತೃಭಾಷೆ ಎಲ್ಲಿಂದ ತಂದೆ ಎಂದು ಅಜ್ಜಿ ಮಗನನ್ನು ತುಳುವಿನಲ್ಲಿ ಜಾಡಿಸಿದರು. ಮಗನೂ ತುಳುವಿನಲ್ಲೇ ತಿರುಗಿ ಕೊಟ್ಟ. ಇಬ್ಬರ ಹೆಸರಿನ ಮುಂದೂ ನಾನು ಸುಮ್ಮನೆ ತುಳು ಎಂದು ಹಾಕಿಕೊಂಡೆ.

ಆಮೇಲೆ ಯಾವ ಮನೆಯಲ್ಲೂ ಮೊದಲೇ ಭಾಷೆ ಕೇಳಲಿಲ್ಲ. ಜಗಳ ಹುಟ್ಟುವ ತನಕ ಕಾಯುತ್ತಿದ್ದೆ. ಹೆಚ್ಚು ಹೊತ್ತು ಕಾಯಬೇಕಾಗಿ ಬರಲಿಲ್ಲ.

ಇಪ್ಪತ್ನಾಲ್ಕು ರೊಟ್ಟಿ

ಕೊನೆಗೆ ಉಳಿದದ್ದು ಒಂದೇ ಮನೆ, ಕಟ್ಟುತ್ತಿದ್ದ ಟವರಿನ ಪಕ್ಕದ ತಗಡಿನ ಶೆಡ್ಡು. ವಿಜಯಪುರ ಕಡೆಯ ಗೌಂಡಿ ಕುಟುಂಬ. ಎರಡು ದಿನ ಹೋದರೂ ಮನೆಯ ಹಿರಿಯಾಕೆ ಎಷ್ಟು ಮಂದಿ, ಯಾರು ಯಾರು ಎಂದು ಬಾಯಿ ಬಿಟ್ಟಿರಲಿಲ್ಲ. ಮನೆಮಂದಿಯನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ಆಕೆಯ ನಂಬಿಕೆ. ಶನಿವಾರ ಹೋದಾಗ ರೊಟ್ಟಿ ಬಡಿಯುತ್ತಿದ್ದರು. ಮಂದಿ ಬೇಡ, ರೊಟ್ಟಿ ಎಣಿಸಬಹುದಲ್ಲ ಎಂದೆ. ಅದಕ್ಕೆ ಅಡ್ಡಿಯಿಲ್ಲವಂತೆ: ತಲೆಗೆ ಮೂರರಂತೆ ಇವತ್ತು ಇಪ್ಪತ್ನಾಲ್ಕು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಮೊಬೈಲಿನಲ್ಲಿ ಎಂಟು ಎಂದು ಒತ್ತಿ ಸೂಪರ್‌ವೈಸರರಿಗೆ ಕಳಿಸಿದೆ.

ಲೆಕ್ಕ ರೊಟ್ಟಿಯದಾದ ಮೇಲೆ ಆಕೆ ಹೆಸರು ಹೇಳಲೂ ಒಪ್ಪಿದರು; ಕೇಳುತ್ತ ಹೋದರೆ ಏಳಕ್ಕೇ ನಿಂತಿತು. ಯಾರನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸಿಟ್ಟು ಬಂತು. ಒಂದು ತಲೆ ತಪ್ಪಿದರೂ ಮತ್ತೆ ಸುತ್ತುವವನು ನಾನು. ಆ ಎಂಟನೆಯವರು ಯಾರು ಎಂದು ದನಿ ಏರಿಸಿಯೇ ಕೇಳಿದೆ.

"ಅದು ನಿಮ್ಮ ಪಾಲಿಂದ್ರೀ ಮಾಸ್ತರ. ಮೂರು ದಿನಾ ಆತು, ಬಿಸಿಲಾಗ ಅಡ್ಡಾಡಾಕತ್ತೀರಿ. ಉಂಡೀರೇನು ಅಂತ ಯಾರೂ ಕೇಳಿಲ್ಲೇನು?"

ನಾಚಿಕೆಯಾಯಿತು. ಹಸಿವೂ ಆಗಿತ್ತು. ಎಂಟು ಅಳಿಸಿ ಏಳು ಮಾಡಿ ಮತ್ತೆ ಕಳಿಸಿ ಊಟಕ್ಕೆ ಕೂತೆ. ಮೊದಲ ತುತ್ತಿಗೇ ಸೂಪರ್‌ವೈಸರರ ಫೋನು. ಆಗ ಎಂಟು, ಈಗ ಏಳು, ಇದೇನು ಆಟವೇ, ನಾನೇ ಬಂದು ನೋಡುತ್ತೇನೆ ಎಂದು ಮರಾಠಿಯಲ್ಲಿ ಗದರಿದರು.

"ಬನ್ನಿ ಸಾರ್," ಎಂದೆ, ರೊಟ್ಟಿ ನುಂಗಿಕೊಂಡು. "ಬರುವುದು ಖಾತ್ರಿಯಿದ್ದರೆ ಈಗಲೇ ಹೇಳಿಬಿಡಿ, ಇವರು ಇಪ್ಪತ್ತೇಳು ಬಡಿಯಬೇಕಾಗುತ್ತದೆ."