ಬ್ಯೂನಸ್ ಐರಿಸ್ ಮುಟ್ಟುವವರೆಗೆ ಪೊರಕೆ ಮುಟ್ಟಬಾರದು

ಇವತ್ತು ಹಾಲು ಕಾಯಿಸಿದೆ, ದೋಸೆಗೆ ನೆನೆಹಾಕಿದೆ, ನೀರಿನ ಲಾರಿ ಬಂದಾಗ ಕೊಡ ತುಂಬಿಸಿದೆ, ಒಣಗಿದ ಬಟ್ಟೆ ಮಡಿಸಿಟ್ಟೆ. ಮನೆ ಗುಡಿಸಲಿಲ್ಲ. ನಿನ್ನೆಯೂ ಗುಡಿಸಲಿಲ್ಲ! ಸೋಮಾರಿ ಎಂದುಕೊಳ್ಳಬೇಡಿ. ತಾಂಬರಂನ ನಮ್ಮ ಮನೆಯಲ್ಲಿ ಪೊರಕೆ ಏಳುವುದು ವಿಮಾನದ ವೇಳೆ ನೋಡಿಕೊಂಡು. ಅದಕ್ಕೆ ಹಸಿರು ಬಾವುಟ ತೋರಿಸುವವರು ನಮ್ಮತ್ತೆ.

ಊರಿಗೆ ಹೊರಟವರ ಹಿಂದೆಯೇ ಮನೆ ಗುಡಿಸಬಾರದು ಎನ್ನುವುದು ಎಲ್ಲರ ಮನೆಯ ಮಾತೇ. ಬೇರೆಯವರು ಸ್ವಲ್ಪ ಹೊತ್ತು ಕಾದು ಗುಡಿಸಿಕೊಳ್ಳುತ್ತಾರೆ. ನಮ್ಮತ್ತೆ ಅಷ್ಟಕ್ಕೆ ಬಿಡುತ್ತಾರೆಯೇ? ರೈಲ್ವೆಯವರ ಹೆಂಡತಿ! ಹೋದವರು ಅರ್ಧ ದಾರಿ ದಾಟಬೇಕು.

"ಅರ್ಧ ದಾಟಿದ್ಮೇಲೆ ಆ ಊರೇ ಎಳ್ಕೊಳ್ಳತ್ತೆ ಕಣೆ. ಅಲ್ಲೀವರ್ಗೂ ನಾವೇ ಹಿಡ್ಕೊಂಡಿರ್ಬೇಕು."

ನಮ್ಮ ಮನೆಯವರು ಬೆಂಗಳೂರಿಗೆ ಹೊರಟರೆ, ರೈಲು ಅರ್ಧ ದಾರಿಯ ಜೋಲಾರ್‌ಪೇಟೆ ಬಿಟ್ಟ ಮೇಲೆಯೇ ನನ್ನ ಕೈಗೆ ಪೊರಕೆ.

ಈಗ ಹೋಗಿರುವವಳು ನನ್ನ ಮಗಳು. ಚದುರಂಗದ ಪಂದ್ಯಕ್ಕೆ, ಒಬ್ಬಳೇ, ಮೊದಲ ಸಲ ವಿಮಾನ ಹತ್ತಿ, ಬ್ಯೂನಸ್ ಐರಿಸ್‌ಗೆ!

"ಇದರ ಜೋಲಾರ್‌ಪೇಟೆ ಎಲ್ಲೇ?" ಎಂದರು ಅತ್ತೆ.

ಫೋನಿನಲ್ಲಿ ಹುಡುಕಿದೆ. ಹದಿನೈದು ಸಾವಿರ ಕಿಲೋಮೀಟರಿನ ಮೇಲೆ. ನೇರ ಹಾರಿದರೆ ಒಂದು ದಿನವೂ ಬೇಡ. ಆದರೆ ನೇರ ವಿಮಾನವೇ ಇಲ್ಲ. ಅಲ್ಲಲ್ಲಿ ಇಳಿದು ಹತ್ತಿ, ಒಂದೂವರೆ ದಿನ.

"ಇಲ್ಲದ ವಿಮಾನಕ್ಕೆ ಟೈಮ್ ಯಾಕೆ ಹೇಳತ್ತೆ ಅದು? ಹೆಣ್ಣೇ ಇಲ್ದೆ ಮುಹೂರ್ತ ಇಟ್ಟ ಹಾಗೆ!"

ದೋಹಾದಿಂದ ಮಗಳ ಫೋನು ಬಂತು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಹುಡುಗಿ. "ಎರಂಗಿಟ್ಟೇನ್ ಪಾಟಿ, ಪೆರುಕ್ಕುಂಗೋ!" ಇಳಿದಿದ್ದೇನೆ ಅಜ್ಜಿ, ಗುಡಿಸಿಕೊಳ್ಳಿ ಎಂದು ಅಪ್ಪಣೆ ಕೊಟ್ಟಳು.

"ಹೋಗೇ! ಟೀ ಕುಡಿಯೋಕೆ ಕಾಟ್ಪಾಡೀಲಿ ಇಳಿದ್ರೆ ಊರು ಸೇರಿದ ಹಾಗಾ?"

ನಮ್ಮ ಮನೆಯವರು ಸುಮ್ಮನಿರಬಾರದೆ? "ಅಮ್ಮಾ, ಅಲ್ಲಿ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ" ಎಂದರು. ಅತ್ತೆಗೆ ಗಾಬರಿಯೇ ಆಯಿತು. "ಮಗು ಮುಂದೆ ಮುಂದೆ ಹೋದ ಹಾಗೆ ಹೊತ್ತು ಹಿಂದೆ ಹಿಂದೆ ಹೋಗತ್ತಾ? ಮತ್ತೆ ಮುಟ್ಟೋದು ಯಾವಾಗ್ಲೋ!"

ಇವತ್ತು ಮಧ್ಯಾಹ್ನ ಫೋನಿನ ನಕ್ಷೆಯಲ್ಲಿ ಪುಟ್ಟ ವಿಮಾನ ಆಫ್ರಿಕಾ ದಾಟಿ ಸಮುದ್ರಕ್ಕೆ ಬಂದಿತ್ತು.

"ಅರ್ಧಕ್ಕಿಂತ ಜಾಸ್ತಿ ಆಯ್ತು ಅತ್ತೆ. ಗುಡಿಸ್ಲಾ?"

ಅವರು ನಕ್ಷೆಯನ್ನೇ ನೋಡಿದರು. ಸುತ್ತಲೂ ಬರೀ ನೀಲಿ. "ಬೇಡಮ್ಮ. ಅರ್ಧ ಅನ್ನೋದು ನಿನ್ನ ಗಂಡನಿಗೆ. ಮಗು ಒಂದೇ ಹೋಗಿದೆ."

ನನಗೂ ಬೇಕಾಗಿದ್ದದ್ದು ಅದೇ ಮಾತು. ಅವರ ಪಕ್ಕದಲ್ಲಿ ಕುಳಿತೆ.

ದೀಪ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಫೋನು ಬಂತು. ಮುಟ್ಟಿದಳು! ಪೆಟ್ಟಿಗೆಯೂ ಬಂತಂತೆ, ಕರೆದೊಯ್ಯುವವರೂ ಬಂದಿದ್ದಾರಂತೆ. ನಾನು ಕಣ್ಣೊರೆಸಿಕೊಂಡು ಪೊರಕೆಗೆ ಕೈಹಾಕಿದೆ.

"ದೀಪ ಹಚ್ಚಿದ್ಮೇಲೆ ಗುಡಿಸ್ತಾರೇನೇ?" ಎಂದು ಗದರಿಸಿದರು ಅತ್ತೆ. ಮತ್ತೆ ದನಿ ಇಳಿಸಿ, "ಇವತ್ತೊಂದು ರಾತ್ರಿ ಇರ್ಲಿ ಬಿಡು. ಅವಳು ಓಡಾಡಿದ ಧೂಳು ತಾನೆ."

ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ ಊಟವಾಯಿತು. ಮೊದಲು ನಿದ್ದೆ ಹೋದವರು ಅತ್ತೆ, ನನ್ನ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ. ನಾನು ಬಿಡಿಸಿಕೊಳ್ಳಲಿಲ್ಲ.