ತಳ್ಳುಗಾಡಿಯಲ್ಲಿ ಕೂತ ಹುಡುಗ

ಆ ವಾರದ ಪತ್ರಿಕೆಯಲ್ಲಿ ಎಡ್ಗರ್ ಪಿಲ್ಬೀಮ್ ಶಾಯಿಯಲ್ಲಿ ಗೀರಿದ ನಗೆಚಿತ್ರ ಅಚ್ಚಾಗಿತ್ತು. ಕೊಳದ ದಂಡೆಯಲ್ಲಿ ಊರಿನ ಹುಡುಗಿಯರು ಪಾದ್ರಿಯ ಟೋಪಿಗೆ ಗಾಳ ಹಾಕುತ್ತಿದ್ದಾರೆ. ಅವರ ಹಿಂದೆ, ಕೂಸಿನ ತಳ್ಳುಗಾಡಿಯಲ್ಲಿ ತಾನೇ ಕೂತು, ಮೂಗು ಸುರಿಸುತ್ತ ಜಾಮ್ ನೆಕ್ಕುವ ಗುಂಡು ಹುಡುಗ. ಗಾಡಿ ತಳ್ಳುತ್ತಿರುವುದು ಕೂಸು.

ಆ ಹುಡುಗ ಯಾರೆಂದು ಊರ ನಾಯಿಗೂ ತಿಳಿಯುವಂತಿತ್ತು. ಎಡ್ಗರನ ಮನೆಯೊಡತಿ, ವಿಧವೆ ಮಿಸೆಸ್ ಗ್ರಿಮ್‌ವುಡ್ ಅವರ ಒಬ್ಬನೇ ಮಗ ಸಿರಿಲ್. ಸಿರಿಲನಿಗೆ ಮೂಗು ಒರೆಸಿಕೋ ಎಂದ ತಪ್ಪಿಗೆ ಹಿಂದಿನ ಬಾಡಿಗೆದಾರ ಮನೆ ಬಿಡಬೇಕಾಗಿ ಬಂದಿತ್ತು. ಈಗ ಚಳಿಗಾಲ ಹತ್ತಿರವಿತ್ತು. ಊರಲ್ಲಿ ಬೇರೆ ಕೋಣೆ ಖಾಲಿಯಿರಲಿಲ್ಲ.

ಪತ್ರಿಕೆಗಳನ್ನೆಲ್ಲ ತಾನೇ ಕೊಂಡುಬಿಡಲು ಎಡ್ಗರ್ ಅಂಗಡಿಗೆ ಓಡಿದ. ಅಷ್ಟರಲ್ಲಿ ಚಿತ್ರ ಅಂಗಡಿಯ ಕಿಟಕಿಗೇರಿತ್ತು. ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಹೆಂಗಸರು ನೆರೆದಿದ್ದರು.

"ಇವನು ಸಿರಿಲ್ ಅಲ್ವೇನಯ್ಯಾ?" ಎಂದಳು ಬೇಕರಿಯವನ ಹೆಂಡತಿ. "ಅವರಮ್ಮ ನೋಡಿದ್ರೆ ನಿನ್ನ ಕತೆ ಮುಗೀತು."

"ಸಿರಿಲ್ ಯಾಕಾಗ್ತಾನೆ?" ಎಂದ ಎಡ್ಗರ್. "ಇವನು ಸ್ಟೋಕ್ಲಿ ಹುಡುಗ."

ಸ್ಟೋಕ್ಲಿ ಪಕ್ಕದ ಊರು. ಎಂದೋ ನಡೆದ ಕ್ರಿಕೆಟ್ ಜಗಳದ ನಂತರ ಏನು ಕೆಟ್ಟರೂ ಸ್ಟೋಕ್ಲಿಯವರ ತಲೆಗೆ ಕಟ್ಟುವುದು ಇಲ್ಲಿನ ವಾಡಿಕೆ. ಆದರೂ ಹೆಂಗಸರು ಬಿಡಲಿಲ್ಲ. ಯಾರ ಮಗ, ಯಾವ ಬೀದಿ ಎಂದು ಕೆದಕಿದರು. ಎಡ್ಗರ್ ಹುಡುಗನಿಗೊಂದು ಹೆಸರು ಕೊಟ್ಟ, ಕುಡುಕ ಅಪ್ಪನನ್ನೂ ಕೊಟ್ಟ. ದಾರಿಯಲ್ಲಿ ಬಂದ ಪಾದ್ರಿ ವಿಚಾರಿಸಿದಾಗ ಆಣೆಯನ್ನೂ ಇಟ್ಟ.

ಸಂಜೆ ಹೆದರುತ್ತಲೇ ಮನೆಯೊಳಗೆ ಕಾಲಿಟ್ಟ. ಅತಿಥಿಗಳಿಗೆಂದೇ ಮುಚ್ಚಿಟ್ಟಿರುತ್ತಿದ್ದ ಮುಂಗೋಣೆ ತೆರೆದಿತ್ತು. ಮಿಸೆಸ್ ಗ್ರಿಮ್‌ವುಡ್ ನಿಂತಿದ್ದರು. ಕೈಯಲ್ಲಿ ಸುತ್ತಿಗೆ.

"ಊರೆಲ್ಲ ಏನೇನೋ ಹೇಳ್ತಿದೆ, ಮಿಸ್ಟರ್ ಪಿಲ್ಬೀಮ್. ನಿಮ್ಮ ಚಿತ್ರದ ಹುಡುಗ ನನ್ನ ಸಿರಿಲ್ ಹೌದೋ ಅಲ್ವೋ?"

"ಖಂಡಿತ ಅಲ್ಲ. ಆಣೆ ಮಾಡಿದ್ದೀನಿ."

ಆಗ ಅವನಿಗೆ ಗೋಡೆ ಕಂಡಿತು. ಸತ್ತ ಗಂಡನ ಪಟವನ್ನು ಇಳಿಸಿ, ಅದರ ಜಾಗದಲ್ಲಿ ಹೊನ್ನಿನ ಬಣ್ಣದ ಚೌಕಟ್ಟಿನೊಳಗೆ ಆ ಚಿತ್ರವನ್ನು ತೂಗುಹಾಕಿದ್ದರು. ಚಹಾಕ್ಕೆ ಬಂದಿದ್ದ ತಂಗಿ ಬಟ್ಟಲಿನ ಹಿಂದೆ ನಕ್ಕಳು. "ನಾನು ಹೇಳಲಿಲ್ವಾ ಅಕ್ಕ? ಪತ್ರಿಕೆಯಲ್ಲಿ ಬರೋಕೆ ನಿನ್ನ ಮಗ ಯಾವ ದೊರೆ?"

ಮಿಸೆಸ್ ಗ್ರಿಮ್‌ವುಡ್ ಅವರ ಮುಖ ಕಪ್ಪಿಟ್ಟಿತು. ಅವರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. "ಒಂದೇ ಸೂರಿನಡಿ ಇದ್ದೀರಿ. ನನ್ನ ಮಗ ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ."

"ಬಿದ್ದ, ಬಿದ್ದ," ಎಂದ ಎಡ್ಗರ್. "ಆ ಹುಡುಗ ಸಿರಿಲೇ. ಹೆದರಿ ಸುಳ್ಳು ಹೇಳಿದೆ."

ಮಿಸೆಸ್ ಗ್ರಿಮ್‌ವುಡ್ ಇಳಿಸಿಟ್ಟಿದ್ದ ಗಂಡನ ಪಟದತ್ತ ಒಮ್ಮೆ ನೋಡಿ, ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಹಾಗಾದರೆ," ಎಂದರು ಮೆಲ್ಲಗೆ, "ಸ್ಟೋಕ್ಲಿಯ ಕುಡುಕನಿಗೆ ಹುಟ್ಟಿದವನು ಅಂತ ನೀವು ಊರೆಲ್ಲ ಸಾರಿದ್ದು ನನ್ನ ಸಿರಿಲನ್ನ?"