ಪಾತ್ರೆ ಮಗುಚಿ ನೋಡುವವನು

ನನ್ನ ಚಿಕ್ಕಪ್ಪನ ಮಗ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವನೇ ನೇರವಾಗಿ ಅಡುಗೆಮನೆಗೆ ನುಗ್ಗಿ ಪಾತ್ರೆಗಳನ್ನು ಮಗುಚಿ ಹಾಕುತ್ತಾನೆ. ಹಸಿವಿಗಲ್ಲ, ಇತಿಹಾಸಕ್ಕೆ. ಗೊತ್ತಿಲ್ಲದ ಮನೆಯವರು ಬೆಕ್ಕು ಬಂತೆಂದುಕೊಳ್ಳುತ್ತಾರೆ. ಗೊತ್ತಿರುವವರು ಅಟ್ಟದಿಂದ ಹಂಡೆ, ಕೊಳಗ, ಚೊಂಬುಗಳನ್ನು ಮೊದಲೇ ಇಳಿಸಿ, ಹುಣಿಸೆಹಣ್ಣು ಹಾಕಿ ಬೆಳಗಿ, ಸಾಲಾಗಿ ಇಟ್ಟಿರುತ್ತಾರೆ. ಮದುವೆಗೆ ಕೊಡುವ ಪಾತ್ರೆಯ ಮೇಲೆ ಹೆಣ್ಣಿನ ಹೆಸರು, ಕೊಟ್ಟವರ ಹೆಸರು, ಊರು ಕೆತ್ತಿಸುವುದು ನಮ್ಮ ಕಡೆಯ ಪದ್ಧತಿ. ತಲೆಮಾರುಗಳಿಂದ ನಾವೆಲ್ಲ ಅವುಗಳಲ್ಲಿ ನೀರು ಕಾಯಿಸಿಕೊಂಡು ಸುಮ್ಮನಿದ್ದೆವು. ಇವನು ಕೂತು ಓದಿಬಿಟ್ಟ. ದಾಯಾದಿಗಳ ನಡುವಿನ ಹೊಟ್ಟೆಕಿಚ್ಚಿಗೆ ಸಾಮಾನ್ಯವಾಗಿ ಜಮೀನು ಕಾರಣವಾಗಿರುತ್ತದೆ. ನಮ್ಮ ವಿಷಯದಲ್ಲಿ ಆ ಗೌರವ ಪಾತ್ರೆ ಸಾಮಾನಿಗೆ ಸಂದಿದೆ.

ಅದಕ್ಕೂ ಮೊದಲು ನಮ್ಮ ವಂಶದ ಚರಿತ್ರೆ ಪೂರ್ತಿಯಾಗಿ ನನ್ನ ಬಾಯಲ್ಲಿ, ಸುಖವಾಗಿ, ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಳ್ಳುತ್ತ ಬಾಳಿಕೊಂಡಿತ್ತು. ಯಾವ ಮದುವೆಯಲ್ಲಿ ಊಟ ಮುಗಿದರೂ ಎಲೆ ಅಡಿಕೆ ತಟ್ಟೆಯೊಂದಿಗೆ ಜನ ನನ್ನ ಸುತ್ತ ಸೇರುತ್ತಿದ್ದರು. ನಮ್ಮ ಮುತ್ತಜ್ಜ ಬೀರೂರಿನಲ್ಲಿ ರುಮಾಲು ಬೀಸಿ ರೈಲನ್ನೇ ನಿಲ್ಲಿಸಿದ ಪ್ರಸಂಗವನ್ನು ನಾನು ಹೇಳುತ್ತಿದ್ದರೆ, ಅದನ್ನು ಹಲವು ಸಲ ಕೇಳಿದವರೂ ಬಾಯಿ ತೆರೆದು ಕೂರುತ್ತಿದ್ದರು.

ಪಾತ್ರೆ ಮಗುಚುವ ಈ ಮಹಾಶಯ ಇಷ್ಟು ಕಾಲ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡಿದ್ದ. ನಿವೃತ್ತನಾಗಿ ಬೀರೂರಿನಲ್ಲಿ ಮನೆ ಮಾಡಿದ. ಪ್ರಯಾಣಿಕರು ಕೈತಪ್ಪಿದ ಮೇಲೆ ಪೂರ್ವಿಕರನ್ನು ಹಿಡಿದ. ಕಡೂರಿನ ಒಂದು ಮದುವೆಯಲ್ಲಿ ನಾನು ರುಮಾಲು ಬೀಸುವ ಘಟ್ಟಕ್ಕೆ ಬಂದಿದ್ದೆ.

"ಇದನ್ನ ನಿಂಗೆ ಹೇಳಿದ್ಯಾರಣ್ಣ?" ಎಂದ.

"ನಮ್ಮಪ್ಪ ಕಣೋ."

"ದೊಡ್ಡಪ್ಪ ಆವಾಗ ಅಲ್ಲಿದ್ರಾ?"

"ಇನ್ನೂ ಹುಟ್ಟಿರಲಿಲ್ಲವಲ್ಲೋ."

"ಹಂಗಾದ್ರೆ ಒಂದ್ಮಾತು. ಬೀರೂರು ಜಂಕ್ಷನ್ನು. ರುಮಾಲು ಬೀಸಿದ್ರೂ ರೈಲು ನಿಲ್ಲುತ್ತೆ, ಬೀಸದಿದ್ರೂ ನಿಲ್ಲುತ್ತೆ."

ಜನ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಮುತ್ತಜ್ಜನ ರುಮಾಲು ಅವತ್ತು ಬಿದ್ದದ್ದು ಮತ್ತೆ ಏಳಲಿಲ್ಲ.

ವಂಶದ ಸಂಗತಿಗಳನ್ನೆಲ್ಲ ಅವನು ಮೂರು ತರಗತಿಗಳಾಗಿ ವಿಂಗಡಿಸಿದ್ದಾನೆ: ಕಂಡದ್ದು, ಕೇಳಿದ್ದು, ಕಟ್ಟಿದ್ದು. ಕಣ್ಣಾರೆ ನೋಡಿದವರು ಹೇಳಿದರೆ ಅಥವಾ ಆ ಕಾಲದಲ್ಲೇ ಪಾತ್ರೆಯ ಮೇಲೆ ಕೆತ್ತಿದ್ದರೆ ಕಂಡದ್ದು. ಇನ್ನೊಬ್ಬರ ಬಾಯಿಂದ ಬಂದರೆ ಕೇಳಿದ್ದು. ಕಟ್ಟಿದ್ದು ಎಂಬ ಮೂರನೆಯ ತರಗತಿಯನ್ನು ಬಹುಮಟ್ಟಿಗೆ ನನಗೆಂದೇ ತೆರೆದಿದ್ದಾನೆ. ಅಲ್ಲಿ ನನಗೆ ಬೇರೆ ಜೊತೆಗಾರರಿಲ್ಲ.

ನಮ್ಮ ಮುತ್ತಜ್ಜಿ ಪಾಳೆಯಗಾರರ ಮನೆತನದವಳು, ಕುದುರೆ ಏರಿ ಮದುವೆಗೆ ಬಂದವಳು ಎಂದು ನಾನು ಎಷ್ಟು ಕಷ್ಟಪಟ್ಟು ಪ್ರತಿಷ್ಠಾಪಿಸಿದ್ದೆ. ಲಕ್ಕವಳ್ಳಿಯ ನೆಂಟರ ಬಚ್ಚಲಲ್ಲಿ ಒಂದು ತಾಮ್ರದ ಚೊಂಬು ಮಗುಚಿ, ಅವಳ ತವರು ಪಂಚನಹಳ್ಳಿ ಎಂದು ಇವನು ಸಾಬೀತು ಮಾಡಿದ. ಕುದುರೆಯ ಸುದ್ದಿ ಚೊಂಬಿನಲ್ಲಿರಲಿಲ್ಲ. ಅಷ್ಟಕ್ಕೇ ಬಿಟ್ಟನೇ? ಬಸ್ಸು ಹತ್ತಿ ಪಂಚನಹಳ್ಳಿಗೆ ಹೋಗಿ, ನಮಗೆ ಗೊತ್ತೇ ಇಲ್ಲದ ನೆಂಟರನ್ನು ಪತ್ತೆ ಮಾಡಿದ. ಅವರು ಈಗಲೂ ಅವನ ಮನೆಗೆ ಮೂಟೆ ಮೂಟೆ ತೆಂಗಿನಕಾಯಿ ಕಳಿಸುತ್ತಾರೆ. ಆ ಮುತ್ತಜ್ಜಿ ನನಗೂ ಮುತ್ತಜ್ಜಿಯೇ ಅಲ್ಲವೆ? ನನಗೆ ಒಂದು ಚಿಪ್ಪೂ ಬಂದಿಲ್ಲ.

"ನೀವು ಜೀವಮಾನವೆಲ್ಲ ಹೇಳಿದ್ರಲ್ಲ, ಒಂದ್ ಕಾಯಿ ಹುಟ್ಟಿತೇನ್ರೀ?" ಎಂದು ನನ್ನ ಹೆಂಡತಿ ಕೇಳಿದಳು. ಚಟ್ನಿ ಅರೆಯುತ್ತಿದ್ದಳು, ಅವನು ಕೊಟ್ಟ ಕಾಯಿಯಲ್ಲಿ.

ದೇವರು ನನ್ನ ಕಡೆಗೂ ಒಮ್ಮೆ ತಿರುಗಿ ನೋಡಿದ. ಆ ಪಂಚನಹಳ್ಳಿ ಮನೆಯ ದೊಡ್ಡ ಹಂಡೆಯ ಮೇಲೆ ಸಿದ್ದಮ್ಮ ಎಂಬ ಹೆಸರಿತ್ತು. ಇವನು ಅದರಿಂದ ಮುತ್ತಜ್ಜಿಗೆ ಒಬ್ಬ ತಂಗಿಯನ್ನು ಹುಟ್ಟಿಸಿ, ವಂಶವೃಕ್ಷದಲ್ಲಿ ಒಂದು ಕೊಂಬೆ ಎಳೆದು, ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಎಲ್ಲರೂ ಕೈ ಮುಗಿದರು. ಮುಂದಿನ ಸಲ ನಾನೂ ಅವನ ಜೊತೆ ಹೋಗಿದ್ದೆ. ಆ ಮನೆಯ ಅಜ್ಜಿ ಕಣ್ಣು ಕಿರಿದು ಮಾಡಿ ಹಂಡೆ ನೋಡಿದಳು.

"ಸಿದ್ದಮ್ಮ ನಮ್ಮೋಳಲ್ಲ ಕಣಪ್ಪ. ಪಕ್ಕದ ಮನೆಯೋಳು. ನಮ್ಮತ್ತೆ ಯಾವುದೋ ಮದ್ವೆಗೆ ಅಂತ ಈ ಹಂಡೆ ಇಸ್ಕೊಂಡ್ ಬಂದಿದ್ರು. ವಾಪಸ್ ಕೊಡೋದು ಮರ್ತೇ ಹೋಯ್ತು."

ಅಷ್ಟು ರುಚಿಯಾದ ಕಾಫಿಯನ್ನು ನಾನು ಬೇರೆಲ್ಲೂ ಕುಡಿದಿಲ್ಲ. ಕೇಳಿ ಇನ್ನೊಂದು ಲೋಟ ಹಾಕಿಸಿಕೊಂಡೆ. ಆದರೆ ಅವನು ಮಾಡಿದ್ದೇನು ಗೊತ್ತೆ? ಅಲ್ಲೇ ನಿಂತು ಗುಂಪಿಗೆ ಬರೆದ: "ಸಿದ್ದಮ್ಮನವರು ನಮ್ಮವರಲ್ಲ. ಹಂಡೆ ಎರವಲು. ತಪ್ಪು ನನ್ನದು." ಆಮೇಲೆ ಆ ಹಂಡೆಯನ್ನು ಹೆಗಲ ಮೇಲೆ ಹೊತ್ತು ಪಕ್ಕದ ಮನೆಗೆ ಮುಟ್ಟಿಸಿದ. ಸಿದ್ದಮ್ಮನ ಮೊಮ್ಮಗಳು ಹಂಡೆಯನ್ನು ತಬ್ಬಿಕೊಂಡು ಅತ್ತು, ಅವನನ್ನು ಕೂರಿಸಿ ಹೋಳಿಗೆ ಬಡಿಸಿದಳು. ಗುಂಪಿನಲ್ಲಿ ಮೊದಲಿಗಿಂತ ಹೆಚ್ಚು ಜನ ಕೈ ಮುಗಿದರು. ಸರಿ ಹೇಳಿದರೂ ಮೆಚ್ಚುಗೆ, ತಪ್ಪಿದರೂ ಹೋಳಿಗೆ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡದೆ ಬದುಕುವ ಸಂತರು ಯಾರಾದರೂ ಇದ್ದರೆ ತರೀಕೆರೆಗೆ ಬಂದು ನನಗೆ ಉಪದೇಶ ಮಾಡಲಿ.

ಮನೆದೇವರ ಪೂಜೆಗೆಂದು ನಮ್ಮ ಕಡೆಯವರೆಲ್ಲ ವರ್ಷಕ್ಕೊಮ್ಮೆ ಅಜ್ಜಂಪುರದಲ್ಲಿ ಸೇರುತ್ತೇವೆ. ಈ ಸಲ ಅಲ್ಲಿ ವಂಶವೃಕ್ಷವನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ನೇತುಹಾಕುವುದೆಂದು ಅವನು ತೀರ್ಮಾನಿಸಿದ. ಅಚ್ಚಿಗೆ ಕೊಡುವ ಮೊದಲು ಕರಡು ಹಿಡಿದು ನಮ್ಮ ಮನೆಗೆ ಬಂದ. ತಪ್ಪು ಹುಡುಕುವ ಉತ್ಸಾಹದಿಂದ ಕನ್ನಡಕ ಏರಿಸಿದೆ. ಬಹಳ ಹುಡುಕಬೇಕಾಗಲಿಲ್ಲ. ನಮ್ಮ ಅಪ್ಪ ಅಮ್ಮನ ಕೆಳಗೆ ಒಂದೇ ಹೆಸರಿತ್ತು, ನನ್ನದು.

"ಗಿರಿಜ ಎಲ್ಲೋ?"

"ಯಾವ ಗಿರಿಜ, ಅಣ್ಣ?"

"ನಮ್ಮಕ್ಕ."

ಅವನು ತಲೆ ಎತ್ತಿದ. ಅವನಿಗೆ ಹೇಗೆ ಗೊತ್ತಿರಬೇಕು? ಅವನು ಹುಟ್ಟುವ ಮೊದಲೇ ಅವಳು ಯಾವುದೋ ಜ್ವರದಲ್ಲಿ ಹೋಗಿದ್ದಳು. ಅಮ್ಮನ ಮುಂದೆ ಆ ಹೆಸರು ಎತ್ತಬಾರದೆಂದು ಮನೆಯಲ್ಲಿ ಕಟ್ಟುನಿಟ್ಟಾಗಿತ್ತು. ಅಮ್ಮ ಹೋದ ಮೇಲೆ ಎತ್ತಲು ನಾನಲ್ಲದೆ ಯಾರೂ ಉಳಿದಿರಲಿಲ್ಲ.

"ಫೋಟೋ ಏನಾದ್ರೂ?"

"ಇಲ್ಲ."

"ಇಸ್ಕೂಲು?"

"ಇನ್ನೂ ಸೇರಿಸಿರಲಿಲ್ಲ."

"ಪಾತ್ರೆ…" ಎಂದು ಶುರುಮಾಡಿ ಅವನೇ ನಿಲ್ಲಿಸಿದ. ಮದುವೆಯಾಗುವವರೆಗೆ ಬದುಕಿದ ಹೆಣ್ಣುಮಕ್ಕಳಿಗಲ್ಲವೆ ಪಾತ್ರೆ?

ಊರೂರಲ್ಲಿ ಆಧಾರವಿಲ್ಲದೆ ರೈಲು ನಿಲ್ಲಿಸಿದವನು ನಾನು. ಆ ಹೊತ್ತು ಒಂದೇ ಒಂದು ಆಧಾರಕ್ಕಾಗಿ ಮನೆಯ ಗೋಡೆಗಳನ್ನೆಲ್ಲ ನೋಡಿದೆ. ನನ್ನ ಮಾತು ಮೂರನೆಯ ತರಗತಿಯದು. ಅದನ್ನು ನಂಬಿ ಅವಳನ್ನು ಯಾರು ಬರೆದುಕೊಳ್ಳುತ್ತಾರೆ?

"ಅಣ್ಣ, ನೀನು ಏನ್ ಕಂಡೆ, ಅದಷ್ಟೇ ಹೇಳು. ಸೇರಿಸ್ಬೇಡ," ಎಂದ, ಮೆಲ್ಲಗೆ.

ಸೇರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅವಳ ಮುಖವೇ ನನಗೆ ನೆನಪಿಲ್ಲ. ನೆನಪಿರುವುದು ಇಷ್ಟೇ: ಆಗ ನಾವಿದ್ದ ಅಜ್ಜಂಪುರದ ಸ್ಟೇಷನ್ನಿಗೆ ರೈಲು ನೋಡಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ರೈಲು ಕೂಗಿದರೆ ನಾನು ಹೆದರುತ್ತಿದ್ದೆ. ಅವಳು ಹಿಂದೆ ನಿಂತು ತನ್ನ ಎರಡೂ ಕೈಗಳಿಂದ ನನ್ನ ಕಿವಿ ಮುಚ್ಚುತ್ತಿದ್ದಳು. ಅವಳಿಗೂ ಹೆದರಿಕೆಯೇ, ನನ್ನ ಬೆನ್ನಿಗೆ ಅಂಟಿಕೊಂಡೇ ನಿಲ್ಲುತ್ತಿದ್ದಳು. ಆದರೆ ತನ್ನ ಕಿವಿ ಮುಚ್ಚಿಕೊಳ್ಳಲು ಅವಳಿಗೆ ಬೇರೆ ಕೈ ಇರಲಿಲ್ಲ.

ಅವನು ಏನೂ ಬರೆದುಕೊಳ್ಳಲಿಲ್ಲ. ಕರಡು ಸುತ್ತಿಕೊಂಡು ಎದ್ದು ಹೋದ. ಪೂಜೆಯವರೆಗೂ ನನಗೆ ಊಟ ಸೇರಲಿಲ್ಲ.

ಅಜ್ಜಂಪುರದಲ್ಲಿ ಫ್ಲೆಕ್ಸಿನ ಮುಂದೆ ಜನ ನೆರೆದಿದ್ದರು. ನಾನು ಹತ್ತಿರ ಹೋಗುವ ಧೈರ್ಯವಿಲ್ಲದೆ ಜಗಲಿಯ ಮೇಲೆ ಕೂತಿದ್ದೆ. ಅವನೇ ಬಂದು ಕೈಚೀಲದಿಂದ ಒಂದು ಪುಟ್ಟ ಹಿತ್ತಾಳೆ ಚೊಂಬು ತೆಗೆದು ನನ್ನ ಮಡಿಲಲ್ಲಿಟ್ಟ. ಹೊಸದು. ಅಭ್ಯಾಸಬಲ ನೋಡಿ, ನಾನೂ ಮಗುಚಿ ನೋಡಿದೆ. ಕೆತ್ತಿಸಿದ್ದ: "ಗಿರಿಜ, ಅಜ್ಜಂಪುರ. ತಮ್ಮನ ಕಿವಿ ಮುಚ್ಚುತ್ತಿದ್ದಳು. ಹೇಳಿದವನು ತಮ್ಮ. ಕಂಡದ್ದು."

"ಅಕ್ಕನ ಹೆಸರು ಫ್ಲೆಕ್ಸಲ್ಲೂ ಹಾಕ್ಸಿದೀನಿ. ಆದ್ರೆ ಫ್ಲೆಕ್ಸು ಬಿಸಿಲಿಗೆ ಹೋಗ್ಬಿಡುತ್ತಣ್ಣ. ಮುಂದೆ ನನ್ನಂಥೋನು ಯಾವನಾದ್ರೂ ಬಂದು ಕೇಳಿದ್ರೆ, ಮಗುಚಿ ತೋರ್ಸು," ಎಂದು ಹೇಳಿ, ಯಾರದೋ ಮನೆಯ ಕೊಳಗ ಒಲೆಯ ಪಕ್ಕ ಕಂಡದ್ದರಿಂದ ಆ ಕಡೆ ಹೊರಟುಹೋದ.

ಒಡಹುಟ್ಟಿದವನು ನಾನು, ಇಷ್ಟು ವರ್ಷ ಬಾಯಿ ಬಡಿದುಕೊಂಡವನು ನಾನು, ಈ ಯೋಚನೆ ಹೊಳೆದದ್ದು ಅವನಿಗೆ. ಹೊಟ್ಟೆಕಿಚ್ಚು ಎಲ್ಲಿಂದ ಕಡಿಮೆಯಾಗಬೇಕು ಹೇಳಿ. ಹಾಗೆ ಉರಿಯುತ್ತ ಕೂತಿದ್ದಾಗ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ನನ್ನ ಎರಡೂ ಕೈ ಚೊಂಬಿನ ಮೇಲಿದ್ದವು. ಕಿವಿ ಮುಚ್ಚಿಕೊಳ್ಳಲು ಬೇರೆ ಕೈ ಇರಲಿಲ್ಲ.